ಬೆರಳು ಮುಂದೆ, ಸದ್ದು ಹಿಂದೆ

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬೆಳಗಿನ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದಿದ ಮಾನ್ವಿಯ ರೈತ ಅಂದೇ ಸಂಜೆ ಸಲಿಕೆ ಹೆಗಲಿಗೇರಿಸಿ ಗದ್ದೆಗೆ ಹೊರಡುವುದಿಲ್ಲ. ಕಾಲುವೆಯ ಉದ್ದ 227 ಕಿಲೋಮೀಟರ್. ನೀರು ಸೆಕೆಂಡಿಗೆ ಒಂದು ಮೀಟರಿನಂತೆ ಎಲ್ಲೂ ನಿಲ್ಲದೆ ಹರಿದರೂ ಕೊನೆ ಮುಟ್ಟಲು 63 ಗಂಟೆ ಬೇಕು. ನಡುವೆ ತುಂಬಬೇಕಾದ ಉಪಕಾಲುವೆಗಳೆಷ್ಟೋ. ಗೇಟು ಎತ್ತಿದ್ದೂ ನಿಜ, ಗದ್ದೆಗೆ ನೀರು ಬಾರದಿರುವುದೂ ನಿಜ. ದೇವದುರ್ಗದ ಕಡೆಯವರು ನಾರಾಯಣಪುರ ಬಲದಂಡೆ ಕಾಲುವೆಯನ್ನು ನೆನೆದು ಇದೇ ಲೆಕ್ಕ ಹಾಕಿಕೊಳ್ಳಬಹುದು. ಕೆಲಸ ಮಾಡಿದ ಕ್ಷಣಕ್ಕೂ ಅದರ ಫಲ ಕಾಣುವ ಕ್ಷಣಕ್ಕೂ ನಡುವಿನ ಈ ಕಾಯುವ ಹೊತ್ತಿಗೆ ಎಂಜಿನಿಯರುಗಳು ‘ಲೇಟೆನ್ಸಿ’ ಎನ್ನುತ್ತಾರೆ. ಕನ್ನಡದಲ್ಲಿ ವಿಳಂಬ ಎಂದರೆ ಸಾಕು.

ಇಂಥದೇ ಒಂದು ಕಾಲುವೆ ಲ್ಯಾಪ್‌ಟಾಪಿನ ಒಳಗೂ ಇದೆ. ಅದರ ಉದ್ದ ಗೇಣಿನಷ್ಟೂ ಇಲ್ಲ. ವಿಳಂಬವೂ ಗಂಟೆಗಳಲ್ಲಲ್ಲ, ಸೆಕೆಂಡಿನ ಸಾವಿರದ ಒಂದು ಭಾಗವಾದ ಮಿಲಿಸೆಕೆಂಡುಗಳಲ್ಲಿ. ಆದರೂ ಮದುವೆಯ ಮೆರವಣಿಗೆಯಲ್ಲಿ ಡಿಜೆ ನಡೆಸುವ ಹುಡುಗನಿಗೆ ಅದು ಟೇಲ್‌ಎಂಡ್ ರೈತನ ಸಂಕಟಕ್ಕೆ ಕಡಿಮೆಯದೇನಲ್ಲ. ಗುಂಡಿ ಒತ್ತುತ್ತಾನೆ, ಢಮ್ ಎನ್ನಬೇಕಾದ ಸದ್ದು ಒಂದು ಗಳಿಗೆ ತಡೆದು ಬರುತ್ತದೆ. ತಾಳ ತಪ್ಪುತ್ತದೆ, ಕುಣಿಯುವವರು ತಿರುಗಿ ನೋಡುತ್ತಾರೆ. ಇನ್ನು ಕೆಲವೊಮ್ಮೆ ಹಾಡಿನ ನಡುವೆಯೇ ಟಪ್ ಟಪ್, ಚರ್ ಚರ್ ಎಂದು ಸದ್ದು ಹರಿಯುತ್ತದೆ. ಮರುದಿನ ಲೆಕ್ಕ ಚುಕ್ತಾ ಮಾಡುವಾಗ ಮದುವೆಯವರು ಅದನ್ನು ಮರೆಯುವುದಿಲ್ಲ.

ಆಮೇಲೆ ಮನೆಯಲ್ಲಿ ನಡೆಯುವ ಮಾತುಕತೆ ರಾಯಚೂರಾದರೂ ಅಷ್ಟೆ, ದೇವದುರ್ಗವಾದರೂ ಅಷ್ಟೆ. “ಯಪ್ಪಾ, ಹೊಸ ಲ್ಯಾಪ್‌ಟಾಪ್ ಬೇಕು.” “ಇದ್ದಿದ್ದಕ್ಕ ಏನಾಗ್ಯಾದ? ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದ್ಳಂತ.” ಹತ್ತಿ ಮಾರಿ ಬಂದ ದುಡ್ಡಿನಲ್ಲಿ ಬೀಜ ಗೊಬ್ಬರದ ಬಾಕಿ ತೀರಿಸುವುದೋ, ಮಗನ ಪೆಟ್ಟಿಗೆಗೆ ಸುರಿಯುವುದೋ ಎಂದು ತಂದೆಗೆ ಚಿಂತೆ. ಇಲ್ಲಿ ತಂದೆಯ ಅನುಮಾನವೂ ಸರಿ, ಮಗನ ದೂರೂ ಸರಿ. ನೆಲ ಸ್ವಲ್ಪ ಡೊಂಕಾಗಿರುವುದು ನಿಜ. ಆದರೆ ಎಲ್ಲಿ ಡೊಂಕು ಎಂದು ನೋಡದೆ ನೆಲವನ್ನೇ ಅಗೆದು ಹೊಸದಾಗಿ ಹಾಸುವುದು ಬುದ್ಧಿವಂತಿಕೆಯಲ್ಲ. ಬಹುಪಾಲು ಸಂದರ್ಭಗಳಲ್ಲಿ ಇದ್ದ ಲ್ಯಾಪ್‌ಟಾಪಿನಲ್ಲೇ ಈ ಕಾಯಿಲೆ ವಾಸಿಯಾಗುತ್ತದೆ.

ಮೊದಲು ಕಾಯಿಲೆ ಯಾವುದೆಂದು ಗುರುತಿಸಬೇಕು. ‘ಲ್ಯಾಗ್ ಆಗ್ತದ’ ಎಂಬ ಒಂದೇ ಮಾತಿನಲ್ಲಿ ಹುಡುಗರು ಎರಡು ಬೇರೆ ದೂರುಗಳನ್ನು ಕಲಸಿಬಿಡುತ್ತಾರೆ. ಸದ್ದು ತಡವಾಗಿ ಬರುವುದು ಒಂದು. ಸದ್ದು ಕಡಿದು ಕಡಿದು ಬರುವುದು ಇನ್ನೊಂದು. ಸ್ವಾರಸ್ಯವೆಂದರೆ ಇವೆರಡೂ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಒಂದನ್ನು ಇಳಿಸಲು ಹೋದರೆ ಇನ್ನೊಂದು ಮೇಲೇಳುತ್ತದೆ. ಯಾಕೆ ಹೀಗೆ?

ಕಂಪ್ಯೂಟರಿಗೆ ಹಾಡು ಎಂದರೆ ಅಂಕೆಗಳ ಸಾಲು. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಎಡ ಬಲ ಎರಡೂ ಕಿವಿಗೆ ಸೆಕೆಂಡಿಗೆ 44,100 ಅಂಕೆಗಳಂತೆ ಇರುತ್ತವೆ. ಸೌಂಡ್ ಕಾರ್ಡ್ ಎಂಬ ಭಾಗ ಗಡಿಯಾರ ಹಿಡಿದು ಕೂತು ಒಂದೊಂದೇ ಅಂಕೆಯನ್ನು ವಿದ್ಯುತ್ತಾಗಿ ಬದಲಿಸಿ ಸ್ಪೀಕರಿನ ಕಡೆ ಕಳಿಸುತ್ತದೆ. ಒಂದು ಅಂಕೆಗೂ ಮುಂದಿನದಕ್ಕೂ ನಡುವೆ ಸುಮಾರು 23 ಮೈಕ್ರೋಸೆಕೆಂಡು. ಈ ಗಡಿಯಾರ ಯಾರಿಗೂ ಕಾಯುವುದಿಲ್ಲ. ಆದರೆ ಅಂಕೆಗಳನ್ನು ಒದಗಿಸುವ ಪ್ರೊಸೆಸರಿಗೆ ಅದೊಂದೇ ಕೆಲಸವಲ್ಲ. ಪರದೆ ಬರೆಯಬೇಕು, ವೈಫೈ ವಿಚಾರಿಸಬೇಕು, ವೈರಸ್ ಇದೆಯೇ ಎಂದು ತಡಕಬೇಕು. ಮದುವೆಮನೆಯಲ್ಲಿ ಎಲ್ಲರೂ ಕೂಗಿ ಕರೆಯುವ ಒಬ್ಬನೇ ಹುಡುಗನ ಪಾಡು ಅದರದು.

ಆದ್ದರಿಂದ ನಡುವೆ ಎರಡು ಕೊಡಗಳನ್ನು ಇಟ್ಟಿರುತ್ತಾರೆ. ಒಂದು ಕೊಡವನ್ನು ಸೌಂಡ್ ಕಾರ್ಡ್ ಬಗ್ಗಿಸಿ ಖಾಲಿ ಮಾಡುತ್ತಿರುವಾಗ ಇನ್ನೊಂದನ್ನು ಪ್ರೊಸೆಸರ್ ತುಂಬುತ್ತದೆ. ಖಾಲಿಯಾದೊಡನೆ ಅದಲು ಬದಲು. ಈ ಕೊಡಕ್ಕೆ ‘ಬಫರ್’ ಎಂದು ಹೆಸರು. ಕೊಡ ಎಷ್ಟು ದೊಡ್ಡದಿರಬೇಕೆಂದು ಡಿಜೆ ಪ್ರೋಗ್ರಾಮಿನ ಆಡಿಯೋ ಸೆಟ್ಟಿಂಗಿನಲ್ಲಿ ಬಳಸುವವರೇ ಆರಿಸಬಹುದು. 128, 256, 512, 1024 ಎಂದು ಅಲ್ಲಿ ಕಾಣುವ ಸಂಖ್ಯೆಗಳು ಕೊಡದಲ್ಲಿ ಹಿಡಿಯುವ ಅಂಕೆಗಳ ಲೆಕ್ಕ. 1024ನ್ನು 44,100ರಿಂದ ಭಾಗಿಸಿ ನೋಡಿ: 23.2 ಮಿಲಿಸೆಕೆಂಡು. 512ಕ್ಕೆ 11.6. 256ಕ್ಕೆ 5.8. 128ಕ್ಕೆ 2.9. ಹತ್ತನೇ ತರಗತಿಯ ಹುಡುಗರು ಮಾಡಬಹುದಾದ ಭಾಗಾಕಾರವೇ ಇದು.

ಈಗ ಬೆರಳು ಗುಂಡಿಯನ್ನು ಒತ್ತಿತೆನ್ನಿ. ಆ ಸದ್ದಿನ ಅಂಕೆಗಳು ಈಗ ತುಂಬುತ್ತಿರುವ ಕೊಡಕ್ಕೆ ಬೀಳುತ್ತವೆ. ಮೊದಲಿನ ಕೊಡ ಬರಿದಾಗುವ ತನಕ ಅವು ಕಾಯಲೇಬೇಕು. ಕೊಡ ದೊಡ್ಡದಾದಷ್ಟೂ ಕಾಯುವ ಹೊತ್ತು ಹೆಚ್ಚು. ಹಾಗಾದರೆ ಅತಿ ಚಿಕ್ಕ ಕೊಡ ಇಟ್ಟರಾಯಿತಲ್ಲ ಎನ್ನಬೇಡಿ. 128ರ ಕೊಡ 2.9 ಮಿಲಿಸೆಕೆಂಡಿನಲ್ಲಿ ಬರಿದಾಗುತ್ತದೆ. ಅಷ್ಟರೊಳಗೆ ಪ್ರೊಸೆಸರ್ ಬಂದು ಇನ್ನೊಂದನ್ನು ತುಂಬಿರಬೇಕು. ಒಂದೇ ಒಂದು ಸಲ ಬೇರೆಲ್ಲೋ ಸಿಕ್ಕಿಹಾಕಿಕೊಂಡು ತಡ ಮಾಡಿತೋ, ಸೌಂಡ್ ಕಾರ್ಡ್ ಬರಿಗೊಡ ಬಗ್ಗಿಸುತ್ತದೆ. ಅದೇ ಆ ‘ಟಪ್’. ಹಾಗಾಗಿ ತಡವಾಗುತ್ತಿದೆ ಎಂದು ಕೊಡ ಚಿಕ್ಕದು ಮಾಡಿದವನಿಗೆ ಕಡಿತ ಶುರುವಾಗುತ್ತದೆ. ಕಡಿಯುತ್ತಿದೆ ಎಂದು ದೊಡ್ಡದು ಮಾಡಿದವನಿಗೆ ತಡ ಶುರುವಾಗುತ್ತದೆ. ಇಲ್ಲಿ ದೋಷ ಕೊಡದ್ದಲ್ಲ, ತುಂಬುವವನ ಅನಿಶ್ಚಿತತೆಯದು. ಪ್ರೊಸೆಸರ್ ಎಷ್ಟು ವೇಗದ್ದು ಎಂಬುದಕ್ಕಿಂತ ಅದು ಸಮಯಕ್ಕೆ ಸರಿಯಾಗಿ ಬರುತ್ತದೆಯೇ ಎಂಬುದೇ ಮುಖ್ಯ. ಅಂಗಡಿಯವರು ವೇಗದ ಅಂಕೆಯನ್ನು ತೋರಿಸಿ ಮಾರುತ್ತಾರೆ. ಸಮಯಪಾಲನೆಯ ಅಂಕೆಯನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ.

ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ತಿರುವು ಇದೆ. ಅಲ್ಲಿ ಸಾಮಾನ್ಯವಾಗಿ ಎಲ್ಲ ಪ್ರೋಗ್ರಾಮುಗಳ ಸದ್ದೂ ಒಂದು ಸಂತೆಕಟ್ಟೆಯಲ್ಲಿ ಸೇರಿ, ಬೆರೆತು, ಆಮೇಲೆ ಸೌಂಡ್ ಕಾರ್ಡಿಗೆ ಹೋಗುತ್ತದೆ. ಬ್ಯಾಟರಿ ಕಡಿಮೆಯಾಯಿತೆಂಬ ‘ಟಿಂಗ್’ ಕೂಡ ಅದೇ ದಾರಿಯಲ್ಲಿ ಬಂದು ಮದುವೆಯ ಹಾಡಿನೊಳಗೆ ನುಗ್ಗುವುದು ಇದರಿಂದಲೇ. ಈ ಸಂತೆಯನ್ನು ತಪ್ಪಿಸಿ ನೇರ ಸೌಂಡ್ ಕಾರ್ಡಿಗೆ ಹೋಗುವ ಬೈಪಾಸ್ ರಸ್ತೆಯನ್ನು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಹಾಕಿಕೊಟ್ಟಿತು. ಅದರ ಹೆಸರು ‘ಆಸಿಯೋ’. ಡಿಜೆ ಕಂಟ್ರೋಲರನ್ನು ಕೊಂಡಾಗ ಅದರ ತಯಾರಕರ ತಾಣದಲ್ಲಿ ಆಸಿಯೋ ಡ್ರೈವರ್ ಇದ್ದರೆ ಅದನ್ನು ಹಾಕಿಕೊಳ್ಳಲೇಬೇಕು. ಇಲ್ಲದಿದ್ದರೆ ವಿಂಡೋಸಿನದೇ ಆದ ‘ವಸಾಪಿ’ ದಾರಿಯನ್ನು, ಅದರಲ್ಲೂ ಬೇರೆಯವರಿಗೆ ಪ್ರವೇಶವಿಲ್ಲದ ‘ಎಕ್ಸ್‌ಕ್ಲೂಸಿವ್’ ಬಗೆಯನ್ನು ಆರಿಸಬಹುದು. ಎಷ್ಟೋ ಹುಡುಗರು ಕಂಟ್ರೋಲರಿಗೆ ದುಡ್ಡು ಕೊಟ್ಟು, ಈ ಉಚಿತ ಡ್ರೈವರನ್ನು ಹಾಕದೆ ಹಳೆಯ ದಾರಿಯಲ್ಲೇ ತೆವಳುತ್ತಿರುತ್ತಾರೆ. ಆಪಲ್ ಕಂಪನಿಯ ಯಂತ್ರಗಳಲ್ಲಿ ಈ ದಾರಿ ಮೊದಲಿನಿಂದಲೇ ನೇರವಾಗಿದೆ. ಅವುಗಳ ಬೆಲೆ ಮಾತ್ರ ನೇರವಾಗಿಲ್ಲ.

ಹಾಗಾದರೆ ಎಷ್ಟು ವಿಳಂಬವನ್ನು ಸಹಿಸಬಹುದು? ಅದು ಮಾಡುವ ಕೆಲಸವನ್ನು ಅವಲಂಬಿಸಿದೆ. ಒಂದಾದ ಮೇಲೊಂದು ಹಾಡು ಹಾಕುವುದಷ್ಟೇ ಆದರೆ 50 ಮಿಲಿಸೆಕೆಂಡು ತಡವಾದರೂ ಯಾವ ನಷ್ಟವೂ ಇಲ್ಲ. ಎರಡು ಹಾಡುಗಳ ತಾಳ ಕೂಡಿಸುವಾಗಲೂ ಎರಡೂ ಒಂದೇ ಕೊಡದಿಂದ ಬರುವುದರಿಂದ ಎರಡೂ ಅಷ್ಟೇ ತಡ; ಅವುಗಳ ನಡುವಿನ ಹೊಂದಾಣಿಕೆ ಕೆಡುವುದಿಲ್ಲ. ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಗೀಚಿ ಸ್ಕ್ರ್ಯಾಚ್ ಮಾಡುವವರಿಗೆ, ಗುಂಡಿ ಒತ್ತಿ ಹಲಗೆ ಡೊಳ್ಳಿನ ಪೆಟ್ಟು ಸೇರಿಸುವವರಿಗೆ ಮಾತ್ರ ವಿಳಂಬ ಕಾಡುತ್ತದೆ. ಒಟ್ಟು ಹತ್ತು ಮಿಲಿಸೆಕೆಂಡಿನ ಒಳಗಿದ್ದರೆ ಬಹಳ ಜನರಿಗೆ ಗೊತ್ತಾಗುವುದಿಲ್ಲ. ಇಪ್ಪತ್ತು ಮೂವತ್ತು ದಾಟಿದರೆ ಬೆರಳಿಗೆ ಕೆಸರಿನಲ್ಲಿ ನಡೆದಂತೆ ಅನಿಸತೊಡಗುತ್ತದೆ.

ಬ್ಲೂಟೂತ್ ಹೆಡ್‌ಫೋನಿನ ಮಾತೇ ಬೇರೆ. ಅದರಲ್ಲಿ ಸದ್ದನ್ನು ಗಂಟು ಕಟ್ಟಿ, ಗಾಳಿಯಲ್ಲಿ ಕಳಿಸಿ, ಆ ಕಡೆ ಬಿಚ್ಚಬೇಕು. ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ಅಥವಾ ಇನ್ನೂ ಹೆಚ್ಚು ಹೊತ್ತು ಅಲ್ಲೇ ಕಳೆಯುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು, ಅಂದರೆ 500 ಮಿಲಿಸೆಕೆಂಡು. ಮುಂದಿನ ಹಾಡನ್ನು ಬ್ಲೂಟೂತಿನಲ್ಲಿ ಕೇಳುತ್ತ, ಈಗಿನ ಹಾಡನ್ನು ತಂತಿಯ ಸ್ಪೀಕರಿನಲ್ಲಿ ಕೇಳುತ್ತ ತಾಳ ಕೂಡಿಸಿದರೆ ಪೆಟ್ಟಿನ ಮೂರರಲ್ಲೊಂದು ಪಾಲಿಗೂ ಹೆಚ್ಚು ಅಂತರ ಬೀಳಬಹುದು. ಕಿವಿಯಲ್ಲಿ ಕೂಡಿದ್ದು ಬೀದಿಯಲ್ಲಿ ಒಡೆಯುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಬೇಡ. ತಂತಿಯ ಹೆಡ್‌ಫೋನ್ ಸಾಕು.

ಮೈಕಿನ ವಿಷಯದಲ್ಲೂ ಒಂದು ಎಚ್ಚರ ಬೇಕು. “ಮದುಮಗಳ ಸೋದರಮಾವ ಎಲ್ಲಿದ್ದರೂ ವೇದಿಕೆಗೆ ಬರಬೇಕು” ಎಂದು ಕೂಗುವ ಮೈಕನ್ನು ಲ್ಯಾಪ್‌ಟಾಪಿನ ಮೂಲಕ ಹಾಯಿಸಿದರೆ ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಒಂದು ಸಲ ಕೊಡ ತುಂಬಬೇಕು. ತನ್ನ ದನಿಯೇ ತನಗೆ ತಡವಾಗಿ ಕೇಳಿದರೆ ಮನುಷ್ಯ ತೊದಲುತ್ತಾನೆ. ಅಮೆರಿಕದ ಬರ್ನಾರ್ಡ್ ಲೀ 1950ರ ಹೊತ್ತಿಗೇ ಇದನ್ನು ಗಮನಿಸಿ ಬರೆದಿದ್ದರು. ಸೆಕೆಂಡಿನ ಐದರಲ್ಲೊಂದು ಭಾಗದಷ್ಟು ತಡವಾದರೆ ನಿರರ್ಗಳವಾಗಿ ಮಾತಾಡುವವರ ನಾಲಿಗೆಯೂ ತಡವರಿಸುತ್ತದೆ. ಮೈಕನ್ನು ನೇರ ಮಿಕ್ಸರಿಗೇ ಜೋಡಿಸಬೇಕು. ಲ್ಯಾಪ್‌ಟಾಪಿಗೆ ಆ ಉಸಾಬರಿ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಿಳಂಬ ಉಳಿದೇ ಉಳಿಯುತ್ತದೆ. ಅದು ಗಾಳಿಯದು. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಪಠ್ಯಪುಸ್ತಕ ಹೇಳುತ್ತದೆ. ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಅದು 355ರ ಸುಮಾರಿಗೆ ಏರುತ್ತದೆ. ಬಿಸಿಗಾಳಿಯಲ್ಲಿ ಸದ್ದು ಚುರುಕು. ಆದರೂ ಒಂದು ಮಿಲಿಸೆಕೆಂಡಿನಲ್ಲಿ ಅದು ಸಾಗುವುದು 35 ಸೆಂಟಿಮೀಟರ್ ಮಾತ್ರ. ಟೇಬಲ್ಲಿನಿಂದ ಸ್ಪೀಕರ್ ಹತ್ತು ಮೀಟರ್ ದೂರ ಇದ್ದರೆ 28 ಮಿಲಿಸೆಕೆಂಡು ಗಾಳಿಯಲ್ಲೇ ಕಳೆಯಿತು. ಅಂದರೆ 1024ರ ಒಂದು ಕೊಡಕ್ಕಿಂತ ಹೆಚ್ಚು! ವಿಜಯಪುರದ ಗೋಲಗುಮ್ಮಟಕ್ಕೆ ಶಾಲಾ ಪ್ರವಾಸ ಹೋದವರು ಪಿಸುಮಾತಿನ ಗ್ಯಾಲರಿಯನ್ನು ನೆನಪಿಸಿಕೊಳ್ಳಿ. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್. ಒಂದು ಬದಿಯ ಸದ್ದು ನೇರವಾಗಿ ಎದುರು ಬದಿ ಮುಟ್ಟಲು ಸುಮಾರು 110 ಮಿಲಿಸೆಕೆಂಡು. ಕೆಲವು ಬ್ಲೂಟೂತ್ ಹೆಡ್‌ಫೋನುಗಳನ್ನು ಹಾಕಿಕೊಳ್ಳುವುದೆಂದರೆ ಗೋಲಗುಮ್ಮಟದ ಆಚೆ ಬದಿಯಲ್ಲಿ ಸ್ಪೀಕರ್ ಇಟ್ಟು ಕೇಳಿದ ಹಾಗೆ.

ದೂರದ ಸ್ಪೀಕರಿನಿಂದ ತಾಳ ತಪ್ಪುವ ಹುಡುಗರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಟೇಬಲ್ಲನ್ನೇ ದೊಡ್ಡ ಸ್ಪೀಕರಿನ ಬಾಯಿಗೆ ತಂದಿಡುವುದು, ಇಲ್ಲವೆ ಹೆಡ್‌ಫೋನಿನ ಸದ್ದನ್ನು ಪೂರ್ತಿ ಏರಿಸುವುದು. ತಂದೆ ತಾಯಂದಿರು ಹೊಸ ಲ್ಯಾಪ್‌ಟಾಪಿಗಿಂತ ಮೊದಲು ಚಿಂತಿಸಬೇಕಾದ್ದು ಇದರ ಬಗ್ಗೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ ಮೂರು ಡೆಸಿಬೆಲ್ಲಿಗೆ ಈ ಅವಧಿ ಅರ್ಧವಾಗುತ್ತ ಹೋಗಿ 100 ಡೆಸಿಬೆಲ್ಲಿಗೆ ಬರೀ 15 ನಿಮಿಷ ಉಳಿಯುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಟೇಬಲ್ಲಿನ ಪಕ್ಕ ಒಂದು ಚಿಕ್ಕ ಸ್ಪೀಕರನ್ನು ಹಿತವಾದ ಸದ್ದಿಗೆ ಇಟ್ಟುಕೊಂಡರೆ ತಾಳವೂ ಸಿಗುತ್ತದೆ, ಕಿವಿಯೂ ಉಳಿಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಸರ್ಕಾರ ವಿನಾಯಿತಿ ಕೊಟ್ಟ ಕೆಲವು ದಿನಗಳ ಮಾತು ಬೇರೆ.

ಇನ್ನು ಕಡಿತದ ಕಡೆಗೆ. ತುಂಬುವವನನ್ನು ದಾರಿಯಲ್ಲಿ ತಡೆಯುವವರು ಯಾರು? ಹೆಚ್ಚಿನ ಸಲ ವೈಫೈ, ಬ್ಲೂಟೂತ್, ಬ್ಯಾಟರಿ, ಗ್ರಾಫಿಕ್ಸ್ ಮುಂತಾದವುಗಳ ಡ್ರೈವರುಗಳು. ವಿಂಡೋಸಿನಲ್ಲಿ ಇವಕ್ಕೆ ‘ಡಿಪಿಸಿ’ ಎಂಬ ವಿಶೇಷ ಸರದಿ ಇದೆ. ಇದರಲ್ಲಿ ನಿಂತವರು ಸಾಮಾನ್ಯ ಪ್ರೋಗ್ರಾಮುಗಳನ್ನು ಹಿಂದೆ ತಳ್ಳಿ ಮೊದಲು ತಮ್ಮ ಕೆಲಸ ಮಾಡಿಸಿಕೊಳ್ಳುತ್ತಾರೆ. ಕ್ಷಣದಲ್ಲಿ ಮುಗಿಸಿ ಹೊರಟರೆ ಸರಿ. ಕೆಟ್ಟದಾಗಿ ಬರೆದ ಡ್ರೈವರ್ ಕೌಂಟರಿನಲ್ಲಿ ನಿಂತು ಹರಟೆ ಹೊಡೆದರೆ ಹಿಂದಿನವನ ಕೊಡ ಬರಿದಾಗುತ್ತದೆ. ಯಾರು ಹರಟುತ್ತಿದ್ದಾರೆಂದು ಹೆಸರು ಸಮೇತ ತೋರಿಸುವ ‘ಲೇಟೆನ್ಸಿಮಾನ್’ ಎಂಬ ಪ್ರೋಗ್ರಾಮಿದೆ. ಮನೆಬಳಕೆಗೆ ಉಚಿತವಾಗಿ ಸಿಗುತ್ತದೆ. ಅದನ್ನು ಅರ್ಧ ಗಂಟೆ ಓಡಿಸಿ ನೋಡಬೇಕು. ವೈಫೈ ಆರಿಸಿದೊಡನೆ ಕಡಿತ ನಿಂತಿತೆಂದರೆ ರೋಗ ಪತ್ತೆಯಾಯಿತು. ಹಾಡುಗಳೆಲ್ಲ ಡಿಸ್ಕಿನಲ್ಲೇ ಇರುವಾಗ ಮೆರವಣಿಗೆಯಲ್ಲಿ ವೈಫೈ ಯಾಕೆ ಬೇಕು?

ಎರಡನೆಯ ಅಪರಾಧಿಯ ಕಥೆ ಸ್ವಲ್ಪ ಸುತ್ತುಬಳಸಿನದು. ಶಕ್ತಿನಗರದ ಉಷ್ಣಸ್ಥಾವರ 1985ರಿಂದ ನಾಡಿಗೆಲ್ಲ ವಿದ್ಯುತ್ ಕೊಡುತ್ತಿದ್ದರೂ ಅದರ ಪಕ್ಕದೂರಿನ ಮೆರವಣಿಗೆ ನಡೆಯುವುದು ಜನರೇಟರಿನ ಮೇಲೆಯೇ. ಚಾರ್ಜರ್ ಒಂದು ಕಡೆಯಿಂದ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ ಭೂಸಂಪರ್ಕ ಪಡೆದಾಗ ನಡುವೆ ಒಂದು ಸುತ್ತು ಉಂಟಾಗಿ ಸ್ಪೀಕರಿನಲ್ಲಿ ‘ಹೂಂ’ ಎಂಬ ಗುಂಯ್‌ಗುಡುವಿಕೆ ಕೇಳುತ್ತದೆ. ಅದನ್ನು ನಿಲ್ಲಿಸಲು ಹುಡುಗರು ಚಾರ್ಜರ್ ಕಿತ್ತುಹಾಕುತ್ತಾರೆ. ಗುಂಯ್ ನಿಂತಿತು. ಆದರೆ ಬ್ಯಾಟರಿಗೆ ಬಂದ ಲ್ಯಾಪ್‌ಟಾಪ್ ಉಳಿತಾಯಕ್ಕಿಳಿಯುತ್ತದೆ. ಪ್ರೊಸೆಸರ್ ತನ್ನ ವೇಗ ತಗ್ಗಿಸಿ ನಡುನಡುವೆ ತೂಕಡಿಸುತ್ತದೆ. ಹತ್ತು ನಿಮಿಷಕ್ಕೆ ಕಡಿತ ಶುರು. ಗುಂಯ್ ಸದ್ದಿಗೂ ಕಡಿತಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಚಾರ್ಜರನ್ನು ಹಾಗೇ ಬಿಟ್ಟು, ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಬೇಕು. ಪವರ್ ಸೆಟ್ಟಿಂಗಿನಲ್ಲಿ ‘ಹೈ ಪರ್ಫಾರ್ಮೆನ್ಸ್’ ಆರಿಸಬೇಕು. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬಾರದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವನ ಜೀವ ಉಳಿಸುವುದು ಆ ಪಿನ್ನೇ.

ಮೂರನೆಯದು ಈ ಊರುಗಳಿಗೆ ವಿಶೇಷವಾಗಿ ಅನ್ವಯಿಸುವಂಥದು: ಬಿಸಿಲು. ರಾಯಚೂರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ತಮಾಷೆ ಮಾಡುವುದುಂಟು. ಮದುವೆಗಳ ಭರಾಟೆ ಇರುವುದು ಅದೇ ಕಡುಬೇಸಿಗೆಯಲ್ಲಿ. ಬಹಳಷ್ಟು ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ ಸುತ್ತಲಿನ ಗಾಳಿ 35 ಡಿಗ್ರಿಯೊಳಗೆ ಇರಬೇಕೆಂದು ಬರೆದಿರುತ್ತದೆ. ಇಲ್ಲಿ ನೆರಳಿನಲ್ಲೇ 40 ದಾಟಿರುತ್ತದೆ. ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಬಂದರೆ ಸುಟ್ಟುಹೋಗದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಸಂಜೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಸರಿಯಿದ್ದ ಯಂತ್ರ ಮಧ್ಯಾಹ್ನದ ಮೆರವಣಿಗೆಯಲ್ಲಿ ಕೆಡುವುದು ಹೀಗೆ. ಗಾಳಿ ಹೋಗುವ ಕಿಂಡಿಗಳಲ್ಲಿ ಹತ್ತಿಯ ಎಳೆ, ಬೀದಿಯ ಧೂಳು ತುಂಬಿದ್ದರಂತೂ ಕೇಳುವುದೇ ಬೇಡ. ಫ್ಯಾನನ್ನು ಬಿಚ್ಚಿ ಸ್ವಚ್ಛ ಮಾಡಿಸುವ ಖರ್ಚು ಹೊಸ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ. ಲ್ಯಾಪ್‌ಟಾಪನ್ನು ಮಖಮಲ್ಲಿನ ಬಟ್ಟೆಯ ಮೇಲಿಟ್ಟರೆ ಕೆಳಗಿನ ಕಿಂಡಿಗಳು ಮುಚ್ಚುತ್ತವೆ. ನಾಲ್ಕು ಮೂಲೆಗೆ ನಾಲ್ಕು ಮರದ ತುಂಡು ಕೊಟ್ಟು ಎತ್ತರಿಸಬೇಕು, ಮೇಲೆ ನೆರಳಿರಬೇಕು.

ನಾಲ್ಕನೆಯದನ್ನು ಕೇಳಿದರೆ ನಗು ಬರುತ್ತದೆ. ಡಿಜೆಯ ಸದ್ದೇ ಡಿಜೆಯ ಲ್ಯಾಪ್‌ಟಾಪನ್ನು ಕೆಡಿಸಬಲ್ಲದು! ಹಳೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್. ತಟ್ಟೆಗೆ ತಾಗದಂತೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ಅದರ ಓದುವ ತಲೆ ತೇಲುತ್ತಿರುತ್ತದೆ. ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ 2008ರಲ್ಲಿ ಡಿಸ್ಕುಗಳ ಸಾಲಿನ ಮುಂದೆ ನಿಂತು ಗಟ್ಟಿಯಾಗಿ ಕೂಗಿ, ಆ ಕೂಗಿಗೆ ಡಿಸ್ಕುಗಳು ತಡವರಿಸಿದ್ದನ್ನು ವಿಡಿಯೋದಲ್ಲಿ ತೋರಿಸಿದರು. ಇನ್ನೂ ವಿಚಿತ್ರವಾದದ್ದನ್ನು ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2022ರಲ್ಲಿ ಬರೆದರು. ಜಾನೆಟ್ ಜಾಕ್ಸನ್ ಅವರ ‘ರಿದಂ ನೇಷನ್’ ಹಾಡನ್ನು ಹಾಕಿದರೆ ಕೆಲವು ಹಳೆಯ ಲ್ಯಾಪ್‌ಟಾಪುಗಳು ಕೆಟ್ಟು ನಿಲ್ಲುತ್ತಿದ್ದವಂತೆ. ಪಕ್ಕದಲ್ಲಿದ್ದ ಲ್ಯಾಪ್‌ಟಾಪ್ ಕೂಡ! ಹಾಡಿನಲ್ಲಿದ್ದ ಒಂದು ಕಂಪನಾಂಕ ಆ ಡಿಸ್ಕುಗಳ ಸಹಜ ಕಂಪನಾಂಕಕ್ಕೆ ಹೊಂದಿಕೆಯಾಗಿತ್ತು. ಪಠ್ಯಪುಸ್ತಕದ ಅನುರಣನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬಾಸ್ ಸ್ಪೀಕರಿನ ಪೆಟ್ಟಿಗೆಯ ಮೇಲೆಯೇ ಲ್ಯಾಪ್‌ಟಾಪ್ ಇಡುವವರು ಇದನ್ನು ಗಮನಿಸಬೇಕು. ಟೇಬಲ್ಲನ್ನು ಬೇರೆ ಮಾಡಿ, ಕೆಳಗೆ ದಪ್ಪ ರಬ್ಬರ್ ಕೊಡಬೇಕು. ಡಿಸ್ಕನ್ನು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಬದಲಿಸಿದರಂತೂ ಹಳೆಯ ಲ್ಯಾಪ್‌ಟಾಪಿಗೆ ಮರುಜನ್ಮ ಬಂದಂತೆ.

ಯುಎಸ್‌ಬಿ ತಂತಿ ಸಡಿಲವಿದ್ದರೆ, ಒಂದೇ ಹಬ್ಬಿಗೆ ಕಂಟ್ರೋಲರ್, ಮೌಸ್, ಪೆನ್‌ಡ್ರೈವ್ ಎಲ್ಲ ಸಿಕ್ಕಿಸಿದ್ದರೆ ಅದೂ ಕಾರಣವಾದೀತು. ಹಾಡು 44,100ರದ್ದು, ಸೌಂಡ್ ಕಾರ್ಡ್ 48,000ಕ್ಕೆ ಹೊಂದಿಸಿದ್ದು ಎಂದಾದರೆ ಪ್ರೊಸೆಸರಿಗೆ ವೃಥಾ ಅಳತೆ ಬದಲಿಸುವ ಕೆಲಸ.

ಇಷ್ಟನ್ನೂ ಊಹೆಯ ಮೇಲೆ ಮಾಡುವ ಬದಲು ಅಳೆದು ಮಾಡಬಹುದು. ಇದಕ್ಕೆ ಬೇಕಾದ್ದು ಒಂದು ಮೊಬೈಲ್, 2000ದಿಂದಲೂ ಉಚಿತವಾಗಿ ಸಿಗುತ್ತಿರುವ ‘ಆಡಾಸಿಟಿ’ ಪ್ರೋಗ್ರಾಮ್, ಒಂದು ಗ್ರಾಫ್ ಹಾಳೆ. ಕಂಟ್ರೋಲರ್ ಇಲ್ಲದವರು 2001ರಲ್ಲಿ ಶುರುವಾದ ‘ಮಿಕ್ಸ್’ ಎಂಬ ಉಚಿತ ಡಿಜೆ ಪ್ರೋಗ್ರಾಮನ್ನು ಹಾಕಿಕೊಂಡು ಕೀಲಿಮಣೆಯಲ್ಲೇ ಪ್ರಯೋಗ ಮಾಡಬಹುದು. ಗುಂಡಿಗೂ ಸ್ಪೀಕರಿಗೂ ಸಮ ದೂರದಲ್ಲಿ ಮೊಬೈಲ್ ಇಟ್ಟು ರೆಕಾರ್ಡಿಂಗ್ ಶುರು ಮಾಡಿ. ಉಗುರು ಟಕ್ಕೆನ್ನುವಂತೆ ಗುಂಡಿಯನ್ನು ಹತ್ತು ಸಲ ಒತ್ತಿ. ಆ ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದು ಹಿಗ್ಗಿಸಿದರೆ ಪ್ರತಿ ಸಲವೂ ಎರಡು ಗುಡ್ಡಗಳು ಕಾಣುತ್ತವೆ: ಉಗುರಿನದು ಮೊದಲು, ಸ್ಪೀಕರಿನದು ಆಮೇಲೆ. ಅವುಗಳ ನಡುವಿನ ಕಾಲವೇ ನಿಜವಾದ ಒಟ್ಟು ವಿಳಂಬ. ಪ್ರೋಗ್ರಾಮ್ ಪರದೆಯ ಮೇಲೆ ತೋರಿಸುವ ಸಂಖ್ಯೆಯನ್ನು ನಂಬಬೇಕಾಗಿಲ್ಲ. ಹತ್ತರ ಸರಾಸರಿ ಬರೆದುಕೊಳ್ಳಿ. ಹೀಗೆಯೇ 1024, 512, 256, 128 ಕೊಡಗಳಿಗೆ.

ಕೊಡದ ಗಾತ್ರವನ್ನು ಅಡ್ಡಗೆರೆಯಲ್ಲಿ, ವಿಳಂಬವನ್ನು ನಿಂತ ಗೆರೆಯಲ್ಲಿ ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯಲ್ಲಿ ಕೂರುತ್ತವೆ. ಆದರೆ ಆ ರೇಖೆ ಸೊನ್ನೆಯ ಮೂಲಕ ಹಾಯುವುದಿಲ್ಲ. ಬೀಜಗಣಿತದಲ್ಲಿ ಉರು ಹೊಡೆದ ವೈ ಸಮ ಎಂ ಎಕ್ಸ್ ಕೂಡು ಸಿ ಇಲ್ಲಿ ಜೀವ ತಳೆದು ಕೂತಿರುತ್ತದೆ. 1024 ಮತ್ತು 128ರ ವಿಳಂಬಗಳ ವ್ಯತ್ಯಾಸವನ್ನು 20.3ರಿಂದ ಭಾಗಿಸಿ. ಎರಡು ಬಂದರೆ ದಾರಿಯಲ್ಲಿ ಎರಡು ಕೊಡಗಳಿವೆ, ಎಲ್ಲ ಸರಿ. ನಾಲ್ಕು ಬಂದರೆ ಬೈಪಾಸ್ ಬಿಟ್ಟು ಸಂತೆಯ ದಾರಿಯಲ್ಲೇ ಹೋಗುತ್ತಿರುವ ಸಂಶಯವಿದೆ, ಡ್ರೈವರನ್ನು ನೋಡಬೇಕು. ರೇಖೆ ನಿಂತ ಗೆರೆಯನ್ನು ಕಡಿಯುವ ಜಾಗ, ಅಂದರೆ ಸಿ, ಕೊಡಕ್ಕೆ ಸಂಬಂಧವಿಲ್ಲದ ಸ್ಥಿರ ವಿಳಂಬ. ತಂತಿಯ ಸ್ಪೀಕರಿನಲ್ಲಿ ಅದು ಕೆಲವೇ ಮಿಲಿಸೆಕೆಂಡು ಇರಬೇಕು. ಅದೇ ನೂರು ದಾಟಿದ್ದರೆ ಎಲ್ಲೋ ಬ್ಲೂಟೂತ್ ಇದೆ, ಇಲ್ಲವೆ ಸ್ಪೀಕರಿನೊಳಗೇ ಸದ್ದನ್ನು ಸಂಸ್ಕರಿಸುವ ಯಂತ್ರವಿದೆ. ಆಗ ಎಷ್ಟು ದುಬಾರಿ ಲ್ಯಾಪ್‌ಟಾಪ್ ತಂದರೂ ಸಿ ಕದಲುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ಮಧ್ಯಾಹ್ನದ ಬಿಸಿಲಿನಲ್ಲಿ, ಮೆರವಣಿಗೆಗೆ ಹಾಕುವ ಹಾಡುಗಳನ್ನೇ ಹಾಕಿ, ಒಂದೊಂದು ಕೊಡದಲ್ಲೂ ಒಂದು ಗಂಟೆ ಓಡಿಸಿ. ಒಂದು ‘ಟಪ್’ ಕೂಡ ಇಲ್ಲದೆ ಓಡಿದ ಅತಿ ಚಿಕ್ಕ ಕೊಡ ಯಾವುದೋ ಅದರ ಮುಂದಿನ ಗಾತ್ರವನ್ನು ಮದುವೆಗೆ ಇಟ್ಟುಕೊಳ್ಳಿ. 256ರಲ್ಲಿ ಓಡಿದರೆ 512 ಇಡುವುದು, ಹೀಗೆ. ವೈಫೈ ಆರಿಸಿ, ಫ್ಯಾನ್ ತೊಳೆಸಿ, ಡ್ರೈವರ್ ಹಾಕಿ, ಚಾರ್ಜರ್ ಸಿಕ್ಕಿಸಿದ ಮೇಲೂ 1024ರಲ್ಲಿ ಕಡಿಯುತ್ತಿದ್ದರೆ ಆಗ ಮಗ ಆ ಗ್ರಾಫ್ ಹಾಳೆಯನ್ನು ತಂದೆಯ ಮುಂದಿಟ್ಟು ಹೊಸ ಲ್ಯಾಪ್‌ಟಾಪ್ ಕೇಳಬಹುದು. ಕೊಳ್ಳುವಾಗ ಅಂಗಡಿಯಲ್ಲೇ ಲೇಟೆನ್ಸಿಮಾನ್ ಓಡಿಸಿ ನೋಡಲು ಬಿಡುವಂತೆ ಕೇಳಲಿ. ಕೊಂಡ ಮೇಲೆ ಎಲ್ಲ ಸರಿಹೊಂದಿದ ಸ್ಥಿತಿಯಲ್ಲಿ ವಿಂಡೋಸಿನ ಅಪ್‌ಡೇಟನ್ನು ಮದುವೆ ಮುಗಿಯುವವರೆಗೆ ತಡೆದಿಡಲಿ. ಹಿಂದಿನ ರಾತ್ರಿ ಬಂದ ಹೊಸ ಡ್ರೈವರ್ ಮುಹೂರ್ತದ ಹೊತ್ತಿಗೆ ಏನು ಮಾಡುತ್ತದೆಂದು ಅದನ್ನು ಬರೆದವರಿಗೂ ಗೊತ್ತಿರುವುದಿಲ್ಲ.